ದಿನಾ ಸಂಜೆ ಐದಕ್ಕೆ ಬರುವ ಪಿಗ್ಮಿ: ಹದಿನೇಳು ವರ್ಷ ಕಟ್ಟಿದವಳ ರಿವ್ಯೂ

ಮಿಕ್ಸಿಗೆ, ಮೊಬೈಲಿಗೆ, ಹೋಟೆಲಿನ ಮಸಾಲೆ ದೋಸೆಗೆ ಎಲ್ಲದಕ್ಕೂ ಜನ ರಿವ್ಯೂ ಬರೆಯುತ್ತಾರೆ. ಪಿಗ್ಮಿಗೆ ಬರೆದದ್ದು ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯಲ್ಲಿ ಲೇಡೀಸ್ ಟೈಲರ್. ಆಜಾದ್ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಎಂಟಕ್ಕೆ ಹತ್ತಡಿಯ ಅಂಗಡಿ. ಎರಡು ಹೊಲಿಗೆ ಮಷಿನ್, ಒಂದು ಓವರ್‌ಲಾಕ್, ಒಂದು ಪಿಕೊ. ಬ್ಲೌಸು, ಚೂಡಿದಾರ್, ಸೀರೆ ಫಾಲ್ಸ್, ಜೂನ್ ಬಂದರೆ ಯೂನಿಫಾರ್ಮು. 2008ರಿಂದ ಪಿಗ್ಮಿ ಕಟ್ಟುತ್ತಿದ್ದೇನೆ. ಮೊದಲು ದಿನಕ್ಕೆ 20 ರೂಪಾಯಿ, ಆಮೇಲೆ 50, ಈಗ 100. ಎರಡು ಸೊಸೈಟಿ, ಅಂದರೆ ಪತ್ತಿನ ಸಹಕಾರ ಸಂಘ, ನೋಡಿದ್ದೇನೆ. ಎರಡರ ಹೆಸರೂ ಹೇಳುವುದಿಲ್ಲ. ಒಂದರ ಜೊತೆ ಜಗಳ ಆಗಿದೆ. ಇನ್ನೊಂದರ ಹೆಸರು ಹೇಳಿದರೆ ದುಡ್ಡು ತಗೊಂಡು ಬರೆದಿದ್ದಾಳೆ ಅಂತೀರಿ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಪಿಗ್ಮಿ ಅಂದರೆ ದಿನಾ ಕಟ್ಟುವ ಉಳಿತಾಯ. ನೀವು ಎಲ್ಲಿಗೂ ಹೋಗಬೇಕಿಲ್ಲ, ಏಜೆಂಟ್ ಅಂಗಡಿಗೇ ಬರುತ್ತಾರೆ. ಹತ್ತೋ ಐವತ್ತೋ ಕೊಟ್ಟರೆ ಬರೆದುಕೊಂಡು ಹೋಗುತ್ತಾರೆ. ನಮ್ಮ ಸೊಸೈಟಿಯಲ್ಲಿ ಒಂದು ವರ್ಷದ ಲೆಕ್ಕ. ವರ್ಷ ತುಂಬಿದರೆ ನೂರಕ್ಕೆ ಮೂರು ಬಡ್ಡಿ. ಆರು ತಿಂಗಳೊಳಗೆ ಮುರಿದರೆ ಬಡ್ಡಿ ಇಲ್ಲ, ಮೇಲಿಂದ ಏಜೆಂಟರ ಕಮಿಷನ್ ಅಂತ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಕಟ್ಟಿದ್ದರಲ್ಲಿ ಮುಕ್ಕಾಲು ಭಾಗದಷ್ಟು ಸಾಲ ಸಿಗುತ್ತದೆ. ಬೇರೆ ಕಡೆ ಲೆಕ್ಕ ಬೇರೆ ಇರುತ್ತದೆ, ಕೇಳಿಕೊಳ್ಳಿ.

ಬಡ್ಡಿ ಒಂದನ್ನೇ ನೋಡಿದರೆ ಇದು ದಡ್ಡರ ವ್ಯವಹಾರ. ಮೊದಲ ವರ್ಷ 299 ದಿನ ಕಟ್ಟಿದ್ದೆ. ಬಾಕಿ ದಿನ ಭಾನುವಾರ, ಹಬ್ಬ, ಎಳ್ಳಮಾವಾಸ್ಯೆ ಜಾತ್ರೆ, ಮತ್ತೆ ಒಂದೆರಡು ದಿನ ನಿಜವಾಗಿಯೂ ಕೈಯಲ್ಲಿ ಕಾಸಿರಲಿಲ್ಲ. ಒಟ್ಟು 5,980 ರೂಪಾಯಿ. ಬಡ್ಡಿ ತೊಂಬತ್ತರ ಹತ್ತಿರ ಬಂತು. ಆಗಿನ ಲೆಕ್ಕದಲ್ಲಿ ಒಂದೂವರೆ ಬ್ಲೌಸಿನ ಹೊಲಿಗೆ ಕೂಲಿ. ನಮ್ಮ ಯಜಮಾನರು ನಕ್ಕರು. "ವರ್ಷವಿಡೀ ಕಟ್ಟಿ ತೊಂಬತ್ತು ರೂಪಾಯಿ ದುಡಿದ್ಯಲ್ಲ" ಅಂದರು.

ನಾನು ಮಾತಾಡಲಿಲ್ಲ. ಯಾಕಂದರೆ ಆರು ಸಾವಿರ ರೂಪಾಯಿ ಒಟ್ಟಿಗೆ ನನ್ನ ಕೈಯಲ್ಲಿ, ನನ್ನ ಹೆಸರಿನಲ್ಲಿ ಅದಕ್ಕೆ ಮೊದಲು ಯಾವತ್ತೂ ಇರಲಿಲ್ಲ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುತ್ತೆ, ಮಂಡಿಯಿಂದ ಹಾಗೇ ಸಾಲಕ್ಕೆ ಹೋಗುತ್ತೆ. ನನ್ನ ದುಡ್ಡು ಹಾಗಲ್ಲ. ಮೂವತ್ತು, ಐವತ್ತು, ನೂರು ಅಂತ ಬರುತ್ತೆ. ಬಂದ ಹಾಗೇ ಹಾಲಿಗೆ, ತರಕಾರಿಗೆ, ಮಗನ ಪೆನ್ಸಿಲ್ಲಿಗೆ ಹೋಗಿಬಿಡುತ್ತೆ. ಆ ಆರು ಸಾವಿರದಲ್ಲಿ ಶಿವಮೊಗ್ಗಕ್ಕೆ ಹೋಗಿ ಸೆಕೆಂಡ್ ಹ್ಯಾಂಡ್ ಓವರ್‌ಲಾಕ್ ಮಷಿನ್ ತಂದೆ. ಅಲ್ಲಿಯವರೆಗೆ ಬಟ್ಟೆ ಅಂಚು ಲಾಕ್ ಮಾಡಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕೊಡುತ್ತಿದ್ದೆ. ಒಂದು ಪೀಸಿಗೆ ಐದು ರೂಪಾಯಿ, ಮಳೆಯಲ್ಲಿ ಹೋಗಿ ಬರುವ ಕಷ್ಟ ಬೇರೆ. ಮಷಿನ್ ಬಂದ ಮೇಲೆ ಆ ಐದು ರೂಪಾಯಿ ನನ್ನ ಹತ್ತಿರವೇ ಉಳಿಯಿತು. ಅಕ್ಕಪಕ್ಕದ ಇಬ್ಬರು ಟೈಲರುಗಳು ನನ್ನ ಹತ್ತಿರವೇ ತರಲು ಶುರು ಮಾಡಿದರು. ಯಜಮಾನರು ಆಮೇಲೆ ನಗಲಿಲ್ಲ.

ಈ ಪಿಗ್ಮಿ ಸೊಸೈಟಿಯವರೇ ಮಾಡಿದ್ದು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಅಲ್ಲ ಅಂತ ಹೇಳಿದ್ದು ನಮ್ಮ ಪಕ್ಕದ ಮನೆ ರಾಯರು. ಸಿಂಡಿಕೇಟ್ ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೆಲಸ ಮಾಡಿ ರಿಟೈರ್ ಆದವರು. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬರುತ್ತಾರೆ, ಕೂತರೆ ಎರಡು ಗಂಟೆ. ಒಂದು ದಿನ ಏಜೆಂಟ್ ಬಂದು ಹೋದದ್ದನ್ನು ನೋಡಿ, "ಇದು ನಮ್ಮ ಬ್ಯಾಂಕಿನ ಕೂಸು ಮಾರಾಯ್ತಿ. ಘಟ್ಟದ ಕೆಳಗೆ ಹುಟ್ಟಿದ್ದು. ಹುಟ್ಟಿಸಿದವರು ಡಾಕ್ಟ್ರು" ಅಂದರು.

ಡಾಕ್ಟರಿಗೂ ಪಿಗ್ಮಿಗೂ ಎಂತ ಸಂಬಂಧ ಅಂತ ಕೇಳಿದೆ. ಅಲ್ಲಿಂದ ಶುರುವಾಯಿತು.

ಡಾ. ಟಿ.ಎಂ.ಎ. ಪೈ. ಪೂರ್ತಿ ಹೆಸರು ತೋನ್ಸೆ ಮಾಧವ ಅನಂತ ಪೈ. 1898ರ ಏಪ್ರಿಲ್ 30ರಂದು ಉಡುಪಿ ಹತ್ತಿರದ ಕಲ್ಯಾಣಪುರದಲ್ಲಿ ಹುಟ್ಟಿದವರು. ಮದ್ರಾಸಿಗೆ ಹೋಗಿ ಡಾಕ್ಟರಿಕೆ ಓದಿ ಊರಿಗೆ ಬಂದವರು. ಆ ಕಾಲದಲ್ಲಿ ಡಾಕ್ಟರ್ ಆದರೆ ಸಾಕಲ್ವಾ, ಜನ್ಮ ಸಾರ್ಥಕ. ಇವರು ಅಷ್ಟಕ್ಕೆ ಬಿಡಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ತೆಗೆದರು. ಜೊತೆಗೆ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವ. ಅಣ್ಣ ವ್ಯಾಪಾರಿ, ಕುಡ್ವರು ಎಂಜಿನಿಯರ್, ಇವರು ಡಾಕ್ಟರ್. ಮೂವರಲ್ಲಿ ಒಬ್ಬರೂ ಬ್ಯಾಂಕಿನವರಲ್ಲ. ಹೆಸರು ಮಾತ್ರ ಉದ್ದ: ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ 8,000 ರೂಪಾಯಿ. ಸಿಂಡಿಕೇಟ್ ಬ್ಯಾಂಕ್ ಅಂತ ಚಿಕ್ಕದಾದದ್ದು 1960ರ ದಶಕದಲ್ಲಿ.

ಬ್ಯಾಂಕ್ ತೆಗೆದದ್ದು ಯಾರಿಗಾಗಿ ಅಂತ ಕೇಳಿದಾಗ ನನ್ನ ಕೈ ಮಷಿನ್ ಮೇಲೆ ನಿಂತಿತು. ಕೈಮಗ್ಗದ ನೇಕಾರರಿಗಾಗಿ. ಆಗ ಕೈಮಗ್ಗದ ಕಸುಬು ಕುಸಿದು ಕರಾವಳಿಯ ನೇಕಾರರು ಕಂಗಾಲಾಗಿದ್ದರು. ಅವರಿಗೆ ಸಾಲ ಕೊಡಬೇಕು. ಕೊಡಲು ದುಡ್ಡು ಬೇಕು. ದುಡ್ಡಿದ್ದವರು ಹೊಸ ಬ್ಯಾಂಕಿಗೆ ತಂದು ಹಾಕುತ್ತಾರಾ? ಹಾಗಾಗಿ ಇಲ್ಲದವರ ಹತ್ತಿರವೇ ಚೂರು ಚೂರು ಕೂಡಿಸೋಣ ಅಂತ ಹೊರಟರು. ನೇಯುವವರಿಗಾಗಿ ಶುರುವಾದ ಬ್ಯಾಂಕು, ಹೊಲಿಯುವ ನಾನು ಅದರ ಯೋಜನೆಯಲ್ಲಿ ದುಡ್ಡು ಕಟ್ಟುತ್ತಿದ್ದೇನೆ. ಇದು ನನಗೆ ಸುಮ್ನೆ ಖುಷಿ ಕೊಟ್ಟ ವಿಷಯ, ಅಷ್ಟೇ.

ಪಿಗ್ಮಿ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಬ್ಯಾಂಕಿನ ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗುತ್ತಿದ್ದರು. ರೂಪಾಯಿಗೆ ಹದಿನಾರಾಣೆ. ನಾನು ಅಳತೆ ಬರೆಯುವ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ದಿನಾ ತಪ್ಪದೆ ಎರಡಾಣೆ ಕಟ್ಟಿದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. 8,000 ರೂಪಾಯಿಯಲ್ಲಿ ಬ್ಯಾಂಕೇ ಶುರುವಾಗುತ್ತಿದ್ದ ಕಾಲದಲ್ಲಿ, ಕಟ್ಟಿದವನಿಗೆ 45 ರೂಪಾಯಿ ಸಣ್ಣದಲ್ಲ.

ಇದು ಡಾಕ್ಟರ್ ಬುದ್ಧಿಯೇ ಸರಿ ಅಂತ ನನ್ನ ಅಭಿಪ್ರಾಯ. ಒಂದು ಬಾಟಲಿ ಔಷಧಿಯನ್ನು ಒಟ್ಟಿಗೆ ಕುಡಿ ಅಂದರೆ ಯಾರೂ ಕುಡಿಯಲ್ಲ. ದಿನಕ್ಕೆ ಒಂದು ಚಮಚ, ಊಟ ಆದ ಮೇಲೆ ಅಂದರೆ ಕುಡಿಯುತ್ತಾರೆ. ಅದರ ಮೇಲೆ ನರ್ಸಮ್ಮ ದಿನಾ ಬಂದು ಎದುರಿಗೆ ನಿಂತರೆ ಖಂಡಿತ ಕುಡಿಯುತ್ತಾರೆ.

ಆದರೆ ಜನ ಇಂಥವರನ್ನು ಏಕಾಂಗಿ, ಬರಿಗೈಯಲ್ಲಿ ಬಂದು ಬೆಳೆದವರು ಅಂತ ಹೇಳುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಅಣ್ಣನ ವ್ಯಾಪಾರದ ಬಲ ಇತ್ತು. ಕುಡ್ವರು ಇದ್ದರು. ಎಲ್ಲಕ್ಕಿಂತ ಮುಖ್ಯ, ಬಿಸಿಲಲ್ಲಿ ಮನೆ ಮನೆ ತಿರುಗಿ ಎರಡಾಣೆ ಎತ್ತಿದ ಏಜೆಂಟರುಗಳು ಇದ್ದರು. ಅವರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಇದನ್ನು ರಾಯರಿಗೆ ಹೇಳಿದರೆ ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. ಆಮೇಲೆ, "ಹೌದು, ನೀನು ಹೇಳಿದ್ದೂ ಹೌದು" ಅಂದರು.

ಕರಾವಳಿಯವರಿಗೆ ಆ ಕಾಲದಲ್ಲಿ ಬ್ಯಾಂಕ್ ಹುಚ್ಚು ಹಿಡಿದಿತ್ತೋ ಏನೋ. 1906ರಲ್ಲಿ ಒಂದೇ ವರ್ಷ ಎರಡು. ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕಿನ ಮೂಲ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕಿನ ಮೂಲ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ನಮ್ಮ ಘಟ್ಟದ ಮೇಲಿನವರು ಆಗ ಎಂತ ಮಾಡುತ್ತಿದ್ದರು ಅಂತ ರಾಯರನ್ನು ಕೇಳಿದೆ. "ಅಡಿಕೆ ಸುಲೀತಿದ್ದರು" ಅಂದರು. ಈಗಲೂ ಅದೇ ಮಾಡುತ್ತಿದ್ದೇವೆ.

ಪಿಗ್ಮಿ ನಿಜಕ್ಕೂ ಕೈಹಿಡಿದದ್ದು 2018ರ ಜುಲೈನಲ್ಲಿ. ನಮ್ಮ ಅತ್ತೆ ಬಚ್ಚಲ ಹೊರಗೆ ಪಾಚಿಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ. ಇಲ್ಲಿ ಡಾಕ್ಟರ್ ಫೋಟೊ ತೆಗೆಸಿ ನೋಡಿ, ನಮ್ಮ ಕಡೆಯ ಡಾಕ್ಟರುಗಳು ಹೇಳುವ ಮಾತನ್ನೇ ಹೇಳಿದರು: "ಮಣಿಪಾಲಕ್ಕೆ ಕರ್ಕೊಂಡು ಹೋಗಿ." ಮಲೆನಾಡಿನವರಿಗೆ ಈ ವಾಕ್ಯ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನು ಕೇಳಿದ ಕೂಡಲೇ ಮನೆಯಲ್ಲಿ ಒಬ್ಬರು ಬಟ್ಟೆ ತುಂಬುತ್ತಾರೆ, ಒಬ್ಬರು ಗಾಡಿ ನೋಡುತ್ತಾರೆ, ಒಬ್ಬರು ದುಡ್ಡಿಗೆ ಓಡುತ್ತಾರೆ.

ದುಡ್ಡಿಗೆ ಓಡಿದ್ದು ನಾನು. ಸೊಸೈಟಿ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿದ್ದೆ, ಕೊಡೆಯಿಂದ ನೀರು ಸುರಿಯುತ್ತಿತ್ತು. ಪಿಗ್ಮಿ ಮುರಿಸುತ್ತೇನೆ ಅಂದೆ. ಆ ವರ್ಷದ ಖಾತೆಯಲ್ಲಿ 6,250 ಇತ್ತು, ಇನ್ನೂ ಐದನೇ ತಿಂಗಳು. ಹಿಂದಿನ ಮೂರು ವರ್ಷದ ಪಿಗ್ಮಿಯನ್ನು ಅಲ್ಲೇ ಎಫ್‌ಡಿ ಮಾಡಿದ್ದೆ, ಅದು ನಲವತ್ತು ಸಾವಿರ ಚಿಲ್ಲರೆ. ಕೌಂಟರಿನ ಹುಡುಗಿ ನನ್ನ ಪಾಸ್‌ಬುಕ್ ನೋಡಿ, "ಮುರೀಬೇಡಿ ಅಕ್ಕ, ಬಡ್ಡಿ ಎಲ್ಲ ಹೋಗುತ್ತೆ. ಸಾಲ ತಗೊಳ್ಳಿ, ಎರಡರ ಮೇಲೂ ಮಾಡಿಕೊಡ್ತೀನಿ" ಅಂದಳು. ಜಾಮೀನು ಬೇಡ, ಪಹಣಿ ಬೇಡ, ಯಜಮಾನರ ಸಹಿ ಬೇಡ. ಮುಕ್ಕಾಲು ಗಂಟೆಯಲ್ಲಿ ದುಡ್ಡು ಎಣಿಸಿ ಕೊಟ್ಟಳು. ಆ ಹುಡುಗಿಗೆ ಐದಕ್ಕೆ ಐದು ಸ್ಟಾರ್. ಬೇರೆ ಯಾರಾದರೂ ಆಗಿದ್ದರೆ ನಾನು ಹೇಳಿದ ಹಾಗೆ ಮುರಿದು ಕೈಗೆ ಕೊಟ್ಟು ಕಳಿಸುತ್ತಿದ್ದರು.

ಆಗುಂಬೆ ಘಾಟಿಯ ಹದಿನಾಲ್ಕು ತಿರುವನ್ನು ಆಂಬುಲೆನ್ಸಿನಲ್ಲಿ ಇಳಿಯುವುದು ಏನು ಅಂತ ಇಳಿದವರಿಗೇ ಗೊತ್ತು. ಪ್ರತಿ ತಿರುವಿಗೂ ಅತ್ತೆ "ಅಮ್ಮಾ" ಅನ್ನುತ್ತಿದ್ದರು. ಮಂಜಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಸೋಮೇಶ್ವರಕ್ಕೆ ಬಂದ ಮೇಲೆ ಸೆಖೆ, ಹೆಬ್ರಿ ದಾಟಿದ ಮೇಲೆ ಅವರಿಗೆ ನಿದ್ದೆ.

ಮಣಿಪಾಲದಲ್ಲಿ ಹನ್ನೆರಡು ದಿನ ಇದ್ದೆವು. ಅತ್ತೆಗೆ ಆಪರೇಷನ್ ಚೆನ್ನಾಗಿ ಆಯಿತು. ಕಾಯುವವರಿಗೆ ಕೆಲಸ ಏನು? ನಾನು ತಿರುಗಿದೆ. ಎಲ್ಲಿ ನೋಡಿದರೂ ಡಾ. ಪೈಗಳ ಹೆಸರು.  ಸಿಂಡಿಕೇಟ್ ಬ್ಯಾಂಕಿನ ಹೆಡ್ ಆಫೀಸ್ ಅಲ್ಲೇ ಇತ್ತು. ಇಡೀ ದೇಶದಲ್ಲಿ ಶಾಖೆ ಇದ್ದ ಬ್ಯಾಂಕಿನ ಹೆಡ್ ಆಫೀಸು ಮುಂಬೈಯಲ್ಲಲ್ಲ, ಬೆಂಗಳೂರಲ್ಲೂ ಅಲ್ಲ, ಒಂದು ಗುಡ್ಡದ ಮೇಲೆ.

ಮೊದಲು ಅದು ಬೋಳುಗುಡ್ಡವೇ. ಅಲ್ಲಿನ ಮಣ್ಣುಪಳ್ಳ ಅನ್ನುವ ಕೆರೆಯಿಂದಲೇ ಮಣಿಪಾಲ ಅನ್ನುವ ಹೆಸರು ಬಂತು ಅಂತಾರೆ. ಪೈಗಳು 1942ರಲ್ಲಿ ಶಿಕ್ಷಣಕ್ಕಾಗಿ ಅಕಾಡೆಮಿ ಮಾಡಿದರು, 1949ರಲ್ಲಿ ಉಡುಪಿಯಲ್ಲಿ ಎಂಜಿಎಂ ಕಾಲೇಜು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ಸರ್ಕಾರ ಮಾಡಲಿ ಅಂತ ಕಾಯದೆ, ಓದುವವರ ಹತ್ತಿರ ಫೀಸು ತಗೊಂಡು ಮೆಡಿಕಲ್ ಕಾಲೇಜು ನಡೆಸಿದರು. ಅಲ್ಲಿ ಈಗಿನ ಫೀಸು ಕೇಳಿದರೆ ನನ್ನ ಏಳು ಜನ್ಮದ ಪಿಗ್ಮಿ ಸಾಲುವುದಿಲ್ಲ. ಎರಡಾಣೆಯವರನ್ನು ಹುಡುಕಿಕೊಂಡು ಹೋದ ಮನುಷ್ಯನ ಊರಲ್ಲಿ ಇದೂ ಒಂದು. ಆದರೆ ಅದೇ ಗುಡ್ಡದ ಮೇಲೆ ನಮ್ಮ ಅತ್ತೆ ವಾಕರ್ ಹಿಡಿದು ಎದ್ದು ನಿಂತರು. ಎರಡನ್ನೂ ಹೇಳಬೇಕಾಗುತ್ತೆ.

ಬಿಲ್ ಕಟ್ಟುವಾಗ ನನ್ನ ಸಾಲದ ದುಡ್ಡು ಒಂದು ಭಾಗಕ್ಕೆ ಆಯಿತು. ಬಾಕಿ ಭಾವ ಕೊಟ್ಟರು, ಒಂದಿಷ್ಟು ಅಡಿಕೆ ಮಂಡಿಯಿಂದ ಮುಂಗಡ. ಪಿಗ್ಮಿಯಿಂದಲೇ ಎಲ್ಲ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಮೊದಲ ದಿನದ ಅಡ್ವಾನ್ಸ್ ಮಾತ್ರ ಅದರಿಂದಲೇ. ಮೊದಲ ದಿನ ಯಾರ ಹತ್ತಿರವೂ ಕೈ ಒಡ್ಡಬೇಕಾಗಲಿಲ್ಲ.

ಇನ್ನು ಜಗಳದ ವಿಷಯ. ಇದು ಮೊದಲ ಸೊಸೈಟಿಯದ್ದು, 2014ರಲ್ಲಿ. ಆಗ ಅಲ್ಲಿ ಮಷಿನ್ ಇರಲಿಲ್ಲ. ಹಳದಿ ಬಣ್ಣದ ಒಂದು ಕಾರ್ಡು, ಅದರಲ್ಲಿ ತಿಂಗಳಿಗೊಂದು ಸಾಲು. ಏಜೆಂಟ್ ಬಂದು ಪೆನ್ನಿನಲ್ಲಿ ಮೊತ್ತ ಬರೆದು ಸಣ್ಣ ಸಹಿ ಹಾಕಿ ಹೋಗುತ್ತಿದ್ದರು. ವರ್ಷದ ಕೊನೆಗೆ ಕಾರ್ಡ್ ತೆಗೆದುಕೊಂಡು ಹೋದರೆ ನನ್ನ ಲೆಕ್ಕಕ್ಕೂ ಆಫೀಸಿನ ಲೆಕ್ಕಕ್ಕೂ 1,350 ರೂಪಾಯಿ ವ್ಯತ್ಯಾಸ. ದಿನಕ್ಕೆ 50ರ ಹಾಗೆ 27 ದಿನದ್ದು. ಕಾರ್ಡಿನಲ್ಲಿ ಇದೆ, ಲೆಡ್ಜರಿನಲ್ಲಿ ಇಲ್ಲ.

ಗುಮಾಸ್ತರು ಲೆಡ್ಜರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ನನ್ನ ಕಾರ್ಡಿನ ಮೇಲೆ ಬೆರಳಿಟ್ಟು, "ಈ ಸಹಿ ನಮ್ಮವರದ್ದೇ ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರು. ಆರು ವರ್ಷದಿಂದ ದಿನಾ ನೋಡಿದ ಸಹಿ. ನನಗೆ ಸಿಟ್ಟಿಗಿಂತ ಜಾಸ್ತಿ ನಾಚಿಕೆ ಆಯಿತು. ನಾನೇ ಕದ್ದ ಹಾಗೆ. ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರು ನನ್ನ ಗಿರಾಕಿಗಳು.

ಹನ್ನೊಂದು ಸಲ ಆಫೀಸಿಗೆ ಹೋದೆ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಗಲ್ಲಿಯ ಇನ್ನೂ ನಾಲ್ಕು ಅಂಗಡಿಯವರ ಕಾರ್ಡಿನಲ್ಲೂ ಅದೇ ತರ ಬಿಟ್ಟುಹೋದದ್ದು ಸಿಕ್ಕಿತು. ಆ ಏಜೆಂಟ್ ಇಟ್ಟಿದ್ದ ಡಿಪಾಸಿಟ್ಟಿನಲ್ಲಿ ಹಿಡಿದು ನಮ್ಮ ದುಡ್ಡು ಕೊಟ್ಟರು. ಬಡ್ಡಿ ಕೊಡಲಿಲ್ಲ. ತಪ್ಪಾಯಿತು ಅಂತಲೂ ಹೇಳಲಿಲ್ಲ. ನಾನು ಖಾತೆ ಮುಚ್ಚಿ ಈಗಿನ ಸೊಸೈಟಿಗೆ ಬಂದೆ. ಇಲ್ಲಿ ಏಜೆಂಟ್ ಕೈಯಲ್ಲಿ ಸಣ್ಣ ಮಷಿನ್ ಇದೆ. ನಂಬರ್ ಒತ್ತಿದರೆ ಚೀಟಿ ಬರುತ್ತೆ, ಮೊಬೈಲಿಗೆ ಮೆಸೇಜ್ ಬರುತ್ತೆ. ಚೀಟಿಯ ಅಕ್ಷರ ಮೂರು ತಿಂಗಳಿಗೆ ಮಾಸಿಹೋಗುತ್ತೆ, ಅದನ್ನೇ ನಂಬಿ ಕೂರಬೇಡಿ. ನಾನು ತಿಂಗಳ ಮೊದಲ ಸೋಮವಾರ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುತ್ತೇನೆ.

ಈಗಿನ ಪಿಗ್ಮಿ ಅಣ್ಣ ಒಳ್ಳೆಯವರು. ಹಳೇ ಮೊಪೆಡ್, ಹೆಗಲಿಗೆ ರೆಗ್ಜಿನ್ ಚೀಲ, ಮಳೆಗಾಲದಲ್ಲಿ ಮಷಿನ್ನಿಗೆ ಪ್ಲಾಸ್ಟಿಕ್ ಕವರು, ತಮಗೆ ಅರ್ಧ ಹರಿದ ರೇನ್‌ಕೋಟು. ದಿನಕ್ಕೆ ನೂರೈವತ್ತು ಅಂಗಡಿ, ಮನೆ ತಿರುಗುತ್ತಾರೆ. ನೂರು ರೂಪಾಯಿ ಎತ್ತಿದರೆ ಅವರಿಗೆ ಮೂರು ರೂಪಾಯಿ ಕಮಿಷನ್. ಪೆಟ್ರೋಲೂ ಅದರಲ್ಲೇ. ಕಾಯಿಲೆ ಬಿದ್ದರೆ ಆ ದಿನ ಇಲ್ಲ. ರಾಯರು ಹೇಳಿದ ಒಂದು ಸಂಗತಿ ಇಲ್ಲಿ ಹೇಳಬೇಕು. ಬ್ಯಾಂಕುಗಳ ಪಿಗ್ಮಿ ಏಜೆಂಟರು ತಮ್ಮನ್ನೂ ಕೆಲಸಗಾರರು ಅಂತ ಪರಿಗಣಿಸಿ ಅಂತ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಕೇಸು ಸಿಂಡಿಕೇಟ್ ಬ್ಯಾಂಕಿನವರದ್ದೇ. 2001ರಲ್ಲಿ ಸುಪ್ರೀಂ ಕೋರ್ಟು ಹೌದು, ಇವರೂ ಕಾರ್ಮಿಕರೇ, ಕಮಿಷನ್ ಅಂದರೂ ಅದು ಕೂಲಿಯೇ ಅಂತ ಹೇಳಿತು. 1928ರಿಂದ ಲೆಕ್ಕ ಹಾಕಿದರೆ 73 ವರ್ಷ. ನಮ್ಮ ಪಿಗ್ಮಿ ಅಣ್ಣನಿಗೆ ಈ ಸುದ್ದಿ ಹೇಳಿದೆ. "ಅದು ದೊಡ್ಡ ಬ್ಯಾಂಕಿನವರಿಗೆ ಅಕ್ಕ. ನಮ್ಮದು ಸೊಸೈಟಿ" ಅಂದು ಚೀಟಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋದರು.

ಸ್ಟಾರ್ ಕೊಡಿ ಅಂದರೆ ನಾನು ಪಿಗ್ಮಿಗೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಇದಕ್ಕೇ. ಬಡ್ಡಿಗಲ್ಲ.

ಇನ್ನೊಂದು ಎಚ್ಚರ ಹೇಳಬೇಕು, ಇದು ನನಗೆ ಬಹಳ ತಡವಾಗಿ ಗೊತ್ತಾಯಿತು. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ವಿಮೆ ಇದೆ. ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸಿಗುತ್ತೆ. ಮೊದಲು 1 ಲಕ್ಷ ಇತ್ತು, 2020ರ ಫೆಬ್ರವರಿಯಿಂದ 5 ಲಕ್ಷ. ಸಹಕಾರಿ ಬ್ಯಾಂಕಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘ, ಅಂದರೆ ನಾವು ಸೊಸೈಟಿ ಅನ್ನುವುದಕ್ಕೆ ಈ ವಿಮೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಅಂತ ಇದೆಯೋ ಸಂಘ ಅಂತ ಇದೆಯೋ ನೋಡಿಕೊಳ್ಳಿ. ನಾನು ಇದು ಗೊತ್ತಾದ ಮೇಲೆ ಸೊಸೈಟಿಯಲ್ಲಿ ಎಫ್‌ಡಿ ಇಡುವುದು ನಿಲ್ಲಿಸಿದೆ. ವರ್ಷ ತುಂಬಿದ ಪಿಗ್ಮಿಯನ್ನು ತೆಗೆದು ಬ್ಯಾಂಕಿಗೆ ಹಾಕುತ್ತೇನೆ. ಪಿಗ್ಮಿ ಕೂಡಿಸಲು, ಬ್ಯಾಂಕು ಇಡಲು. ಸೊಸೈಟಿಯವರಿಗೆ ಬೇಜಾರಾಗುತ್ತೆ, ಆಗಲಿ.

ಆ 2020 ಅಂದಾಗ ನೆನಪಾಯಿತು. ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯಿತಲ್ಲ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ಮಾಸ್ಕ್ ಹೊಲಿಯುತ್ತಿದ್ದೆ. ಪಿಗ್ಮಿ ಅಣ್ಣ ಬರುತ್ತಿರಲಿಲ್ಲ. ಸಂಜೆ ಐದಾದರೆ ಏನೋ ಮರೆತ ಹಾಗೆ ಆಗುತ್ತಿತ್ತು. ಆಗಲೇ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. 1969ರಲ್ಲಿ ಸರ್ಕಾರ 14 ಬ್ಯಾಂಕು ತಗೊಂಡಾಗ ಸಿಂಡಿಕೇಟೂ ಒಂದು, ಆಗಲೇ ಅದು ಪೈಗಳ ಕೈಯಿಂದ ಹೋಗಿತ್ತು. ಆದರೂ ಹೆಸರು ಉಳಿದಿತ್ತು. ಪೈಗಳು ತೀರಿಕೊಂಡದ್ದು 1979ರ ಮೇ 29ರಂದು. ಅವರಿಗಿಂತ ನಲವತ್ತು ವರ್ಷ ಜಾಸ್ತಿ ಬದುಕಿದ ಹೆಸರು, ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಹೋಯಿತು. ರಾಯರು ಕಾಂಪೌಂಡಿನ ಆಚೆಯಿಂದ ಹೇಳಿದರು, "ಒಂದು ಬೀಳ್ಕೊಡುಗೆ ಚಾ ಕೂಡ ಇಲ್ಲ ಮಾರಾಯ್ತಿ." ಬೋರ್ಡಿನಲ್ಲಿದ್ದ ನಾಯಿಯ ಚಿತ್ರ ನಿಮಗೆ ನೆನಪಿದೆಯಾ? ನಂಬಿಕೆಯ ನಾಯಿ. ಅದೂ ಹೋಯಿತು. ಪಿಗ್ಮಿ ಅನ್ನುವ ಪದ ಮಾತ್ರ ನಮ್ಮ ಗಲ್ಲಿಯಲ್ಲೇ ಇದೆ. ಇದು ಯಾರ ಪದ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿಲ್ಲ.

ಈಗ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಪಿಗ್ಮಿ ಯಾಕಮ್ಮ, ಫೋನಲ್ಲೇ ಆರ್‌ಡಿ ಮಾಡಿಕೊಡ್ತೀನಿ, ಬಡ್ಡಿ ಇದರ ಡಬಲ್ ಬರುತ್ತೆ ಅಂತ ಮಾಡಿಕೊಟ್ಟ. ತಿಂಗಳಿಗೆ 2,000 ತಾನಾಗಿ ಕಟ್ಟಾಗುವ ಹಾಗೆ. ಮೂರು ತಿಂಗಳು ಹೋಯಿತು. ನಾಲ್ಕನೇ ತಿಂಗಳು ತಂಗಿ ಮಗಳ ಮದುವೆ, ಸೀರೆ ತಗೊಂಡೆ, ಖಾತೆಯಲ್ಲಿ ದುಡ್ಡಿರಲಿಲ್ಲ. ಐದನೇ ತಿಂಗಳೂ ಇರಲಿಲ್ಲ. ಆರನೇ ತಿಂಗಳು ನಾನೇ ಮುಚ್ಚಿದೆ. ಆ್ಯಪ್ ಏನೂ ಅನ್ನಲಿಲ್ಲ. ಅದೇ ತೊಂದರೆ. ಪಿಗ್ಮಿ ಅಣ್ಣ ಬಾಗಿಲಲ್ಲಿ ನಿಂತು, "ಎಂತ ಅಕ್ಕ, ಇವತ್ತು ಇಲ್ವಾ?" ಅಂತ ಕೇಳಿದರೆ ಗಲ್ಲಾಪೆಟ್ಟಿಗೆಯಲ್ಲಿ ಇಲ್ಲದಿದ್ದರೂ ಬಾಬಿನ್ ಡಬ್ಬಿಯ ಅಡಿಯಿಂದ ಹುಡುಕಿ ಕೊಡುತ್ತೇನೆ. ಫೋನಿನ ಎದುರು ನಾಚಿಕೆ ಆಗುವುದಿಲ್ಲ.

ಆದರೆ ಫೋನು ಪಿಗ್ಮಿಗೂ ಬಂದು ಕೂತಿದೆ. ಗಿರಾಕಿಗಳೆಲ್ಲ ಈಗ ಗೋಡೆಗೆ ಅಂಟಿಸಿದ ಚೌಕಕ್ಕೆ ಫೋನ್ ಹಿಡಿದು ದುಡ್ಡು ಹಾಕುತ್ತಾರೆ. ಸಂಜೆಯಾದರೆ ಕೈಯಲ್ಲಿ ನೋಟೇ ಇರಲ್ಲ. ಕೆಲವು ಅಂಗಡಿಯವರು ಅದಕ್ಕೇ ಪಿಗ್ಮಿ ಬಿಟ್ಟರು. ನಾನು ಬೆಳಗ್ಗೆ ಮೊದಲ ಇಬ್ಬರು ಗಿರಾಕಿಗಳಿಗೆ ನಗದೇ ಕೊಡಿ ಅಂತ ಹೇಳಿ ನೂರು ರೂಪಾಯಿ ಎತ್ತಿಡುತ್ತೇನೆ. ಬೋಣಿಯಾದ ನೋಟು ಪಿಗ್ಮಿಗೆ. ಸೊಸೈಟಿಯ ಕ್ಯಾಲೆಂಡರಿನಲ್ಲಿ ಹನಿ ಹನಿ ಕೂಡಿದರೆ ಹಳ್ಳ ಅಂತ ಅಚ್ಚು ಹಾಕಿಸಿದ್ದಾರೆ. ತೀರ್ಥಹಳ್ಳಿಯಲ್ಲಿ ಕೂತು ಇದನ್ನು ಯಾರು ಬರೆದರೋ. ಇಲ್ಲಿ ಮಳೆ ಹನಿಯಾಗಿ ಬೀಳುವುದು ಯಾವಾಗ?

ಹೊಸದಾಗಿ ಮಾಡಿಸುವವರು ಆಧಾರ್, ಪ್ಯಾನ್, ಎರಡು ಫೋಟೊ ತಗೊಂಡು ಹೋಗಿ. ನಾಮಿನಿ ಜಾಗ ಖಾಲಿ ಬಿಡಬೇಡಿ. ಕಾರ್ಡಿನಲ್ಲಿ ಕೈಬರಹದ ಲೆಕ್ಕ ಅಂದರೆ ಬೇಡ ಅನ್ನಿ, ಮಷಿನ್ ಇರುವ ಕಡೆ ಹೋಗಿ. ಮುರಿದರೆ ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಕೇಳಿ, ಬಾಯಿಮಾತಲ್ಲಿ ಅಲ್ಲ, ಬರೆದದ್ದು ತೋರಿಸಿ ಅನ್ನಿ. ಏಜೆಂಟ್ ಬರುವ ಹೊತ್ತು ಕೇಳಿಕೊಳ್ಳಿ. ನಮ್ಮ ಗಲ್ಲಿಗೆ ಸಂಜೆ ಐದು. ಮಳೆ ಜಾಸ್ತಿ ಇದ್ದರೆ ಐದೂವರೆ, ಆಗ ಒಂದು ಲೋಟ ಚಾ ಜಾಸ್ತಿ ಇಟ್ಟಿರುತ್ತೇನೆ.